ಹಳೆಯ ಅಂಬಾಸಡರ್ ಕಾರು ಸ್ಟಾರ್ಟ್ ಆಗದಿದ್ದಾಗ ದೋಷ ಹುಡುಕುವ ಬಗೆ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ, ಬಯಲುಸೀಮೆಯ ದೊಡ್ಡ ಹಿಡುವಳಿದಾರರ ಅಂಗಳಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಬಾಸಡರ್ ಕಾರು ಉಳಿದುಕೊಂಡಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾದ ಈ ವಾಹನದ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಆದರೂ ಕಚ್ಚಾ ರಸ್ತೆಯಲ್ಲಿ ಎಂಟು ಜನರನ್ನೂ ಎರಡು ಮೂಟೆ ಗೊಬ್ಬರವನ್ನೂ ಹೊತ್ತು ನಡೆಯುವ ಅದರ ಗುಣದಿಂದಾಗಿ ಅನೇಕರು ಅದನ್ನು ಮಾರಲು ಮನಸ್ಸು ಮಾಡಿಲ್ಲ. ದಿನವೂ ಓಡುವ ಕಾರು ಅಷ್ಟಾಗಿ ಕಾಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೊರಗೆ ಬರುವ ಕಾರು ಮಾತ್ರ, ರಾತ್ರಿ ಹನ್ನೊಂದು ಗಂಟೆಗೆ ಬಾಣಂತಿಯನ್ನೋ ಹಾವು ಕಡಿದವರನ್ನೋ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕಾದಾಗಲೇ ಕೈಕೊಡುತ್ತದೆ. ಮೆಕ್ಯಾನಿಕ್ ಇರುವ ಊರು ಹದಿನೈದು ಮೈಲಿ ದೂರ.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಮೊದಲು ಬ್ಯಾಟರಿಯನ್ನು ಬಯ್ಯುವುದು, ಮರುದಿನ ಹೊಸ ಬ್ಯಾಟರಿ ತರುವುದು. ಹೊಸ ಬ್ಯಾಟರಿ ಹಾಕಿದಾಗ ಕಾರು ಒಂದೆರಡು ತಿಂಗಳು ಸರಿಯಾಗಿ ನಡೆದು ಮತ್ತೆ ಮೊದಲಿನಂತೆಯೇ ನಿಲ್ಲುತ್ತದೆ. ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ ಎಂಬುದು ಎಷ್ಟೋ ಸಾವಿರ ರೂಪಾಯಿ ಕಳೆದ ಮೇಲೆ ತಿಳಿಯುತ್ತದೆ. ಹಳೆಯ ಕಾರಿನ ವಿದ್ಯುತ್ ವ್ಯವಸ್ಥೆ ಅತಿ ಸರಳವಾದದ್ದು. ಅದರಲ್ಲಿ ಕಂಪ್ಯೂಟರ್ ಇಲ್ಲ, ಮುಚ್ಚಿಟ್ಟ ಪೆಟ್ಟಿಗೆಗಳಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ನೋಡುವಷ್ಟು ಧೈರ್ಯ ಇರುವ ರೈತರು ಇದರ ದೋಷವನ್ನೂ ಕ್ರಮವಾಗಿ ಹುಡುಕಬಲ್ಲರು. ಇಲ್ಲಿ ಹೇಳಿರುವುದು ಪಾಯಿಂಟ್ ಇರುವ ಪೆಟ್ರೋಲ್ ಅಂಬಾಸಡರ್‌ಗೆ, ಅಂದರೆ 1,489 ಸಿ.ಸಿ. ಇಂಜಿನಿನ ಕಾರಿಗೆ ಸಂಬಂಧಿಸಿದ್ದು. ಬ್ಯಾಟರಿ, ಸೆಲ್ಫ್ ಮತ್ತು ಡೈನಮೊ ಕುರಿತ ಭಾಗ ಹಳೆಯ ಟ್ರ್ಯಾಕ್ಟರುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಬೇಕಾಗುವ ಸಲಕರಣೆ

ನೂರಾರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್, ಬ್ಯಾಟರಿ ದ್ರಾವಣ ಅಳೆಯುವ ಹೈಡ್ರೊಮೀಟರ್, ಒಂದು ಫೀಲರ್ ಗೇಜ್ ಮತ್ತು ಮನೆಯಲ್ಲೇ ಮಾಡಿಕೊಳ್ಳಬಹುದಾದ ಟೆಸ್ಟ್ ಲ್ಯಾಂಪ್ ಇದ್ದರೆ ಸಾಕು. 12 ವೋಲ್ಟಿನ ಸಣ್ಣ ಇಂಡಿಕೇಟರ್ ಬಲ್ಬಿಗೆ ಎರಡು ಮಾರು ಉದ್ದದ ಎರಡು ತಂತಿ ಬೆಸೆದರೆ ಟೆಸ್ಟ್ ಲ್ಯಾಂಪ್ ಆಯಿತು. ಮನೆಯ ಕರೆಂಟ್ ನೋಡುವ ಟೆಸ್ಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 12 ವೋಲ್ಟಿಗೆ ಅದು ಉರಿಯದು.

ಕೈ ಹಾಕುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಬ್ರಿಟಿಷ್ ಮೂಲದ ಹಳೆಯ ವಾಹನಗಳಲ್ಲಿ 1960ರ ದಶಕದವರೆಗೂ ಬ್ಯಾಟರಿಯ ಧನ ತುದಿಯನ್ನು, ಅಂದರೆ ಪ್ಲಸ್ಸನ್ನು, ಕಾರಿನ ಮೈಗೆ ಅರ್ತ್ ಮಾಡುವುದು ವಾಡಿಕೆಯಾಗಿತ್ತು. ಆಮೇಲಿನವುಗಳಲ್ಲಿ ಋಣ ತುದಿ ಅರ್ತ್ ಆಗಿರುತ್ತದೆ. ಹಳೆಯ ಕಾರುಗಳನ್ನು ಎಷ್ಟೋ ಮಂದಿ ನಡುವೆ ಬದಲಾಯಿಸಿಕೊಂಡಿದ್ದಾರೆ. ಆದ್ದರಿಂದ ಕಾರಿನ ವರ್ಷವನ್ನು ನಂಬದೆ, ಬ್ಯಾಟರಿಯ ಯಾವ ತುದಿಯ ಕೇಬಲ್ ಮೈಗೆ ಹೋಗಿದೆ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ಕೆಳಗಿನ ಪರೀಕ್ಷೆಗಳಲ್ಲಿ ಧನ ಅರ್ತ್ ಇರುವ ಕಾರಾದರೆ ಮೀಟರಿನ ಎರಡು ಕಡ್ಡಿಗಳನ್ನು ಅದಲು ಬದಲು ಹಿಡಿದರಾಯಿತು.

ಮೊದಲು ಕಿವಿಗೊಟ್ಟು ಕೇಳುವುದು

ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂಬ ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ. ಸೆಲ್ಫ್ ತಿರುಗುತ್ತಲೇ ಇಲ್ಲ. ತಿರುಗುತ್ತದೆ ಆದರೆ ಎತ್ತಿನ ಗಾಣದಂತೆ ನಿಧಾನ. ಚೆನ್ನಾಗಿ ತಿರುಗುತ್ತದೆ ಆದರೆ ಇಂಜಿನ್ ಹೊತ್ತಿಕೊಳ್ಳುವುದಿಲ್ಲ. ಮೊದಲ ಎರಡಕ್ಕೆ ಬ್ಯಾಟರಿ, ಕೇಬಲ್ ಮತ್ತು ಸೆಲ್ಫ್ ಮೋಟಾರಿನಲ್ಲಿ ಕಾರಣ ಹುಡುಕಬೇಕು. ಮೂರನೆಯದಕ್ಕೆ ಕಿಡಿ ಮತ್ತು ಪೆಟ್ರೋಲಿನ ಕಡೆ ಹೋಗಬೇಕು. ಈ ವಿಂಗಡಣೆ ಮಾಡದೆ ಪ್ಲಗ್ ಬಿಚ್ಚುವುದೂ ಕಾರ್ಬೊರೇಟರ್ ಬಿಚ್ಚುವುದೂ ಕತ್ತಲಲ್ಲಿ ಕಲ್ಲೆಸೆದಂತೆ. ಒಂದು ದೋಷವಿದ್ದ ಕಾರಿಗೆ ಮೂರು ಹೊಸ ದೋಷಗಳು ಸೇರಿಕೊಳ್ಳುವುದು ಇದರಿಂದಲೇ.

ಹೆಡ್‌ಲೈಟ್ ಹಚ್ಚಿ ಸೆಲ್ಫ್ ಹೊಡೆದು ನೋಡುವುದು ಒಳ್ಳೆಯ ಮೊದಲ ಪರೀಕ್ಷೆ. ಒಬ್ಬರು ಒಳಗೆ ಕುಳಿತು ಕೀ ತಿರುಗಿಸಲಿ, ಇನ್ನೊಬ್ಬರು ಮುಂದೆ ನಿಂತು ದೀಪ ನೋಡಲಿ. ದೀಪ ಸ್ವಲ್ಪವೂ ಕುಂದದೆ, ಸದ್ದೂ ಇಲ್ಲದಿದ್ದರೆ ಸೆಲ್ಫ್‌ಗೆ ಕರೆಂಟೇ ಹೋಗುತ್ತಿಲ್ಲ. ಸ್ವಿಚ್ಚು, ಸೊಲೆನಾಯ್ಡ್ ಅಥವಾ ಸೆಲ್ಫ್‌ನ ಕಾರ್ಬನ್ ಬ್ರಷ್ ಕೆಟ್ಟಿರಬಹುದು. ದೀಪ ಪೂರ್ತಿ ಕುಂದಿ ಕೆಂಪಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಸೆಲ್ಫ್ ಸಿಕ್ಕಿಕೊಂಡಿದೆ. ದೀಪ ಒಮ್ಮೆಲೇ ಆರಿಹೋಗಿ, ಕೀ ಬಿಟ್ಟ ಮೇಲೂ ಬಾರದಿದ್ದರೆ ಬ್ಯಾಟರಿ ತುದಿಯ ಹಿಡಿತದಲ್ಲಿ ಕಿಲುಬು ಕೂತಿರುವುದು ಬಹುತೇಕ ಖಚಿತ. ದೀಪ ಚೆನ್ನಾಗಿದ್ದು ಸೆಲ್ಫ್ ಮಾತ್ರ ಗುಯ್ ಎಂದು ಬರಿದೇ ತಿರುಗಿದರೆ ಅದರ ಹಲ್ಲು ಫ್ಲೈವೀಲಿಗೆ ಕಚ್ಚುತ್ತಿಲ್ಲ.

ಬ್ಯಾಟರಿಯ ಪರೀಕ್ಷೆ

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಕಾರು ನಿಂತು ರಾತ್ರಿ ಕಳೆದ ಮೇಲೆ ತುದಿಗಳಲ್ಲಿ ಮೀಟರ್ ಹಿಡಿದರೆ, ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಎಂದೂ 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ ಎಂದೂ ತಿಳಿಯಬೇಕು. ಆದರೆ ಈ ಅಂಕಿಯೊಂದನ್ನೇ ನಂಬಿ ಕೂರಬಾರದು. ಸುಮ್ಮನಿರುವಾಗ 12.5 ತೋರಿಸುವ ಮುದಿ ಬ್ಯಾಟರಿ ಭಾರ ಬಿದ್ದ ಕೂಡಲೇ 7ಕ್ಕೆ ಕುಸಿಯುವುದುಂಟು. ಸೆಲ್ಫ್ ತಿರುಗುತ್ತಿರುವಾಗಲೇ ಬ್ಯಾಟರಿಯ ತುದಿಗಳಲ್ಲಿ ಅಳೆಯಬೇಕು. 9.6 ವೋಲ್ಟಿಗಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿಯಲ್ಲಿ ತ್ರಾಣವಿದೆ ಎಂದರ್ಥ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೊಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಚಾರ್ಜ್ ಆದ ಸೆಲ್ಲಿನ ದ್ರಾವಣದ ಸಾಂದ್ರತೆ 1.240ರಿಂದ 1.280ರವರೆಗೆ ಇರುತ್ತದೆ, ಬಿಸಿ ಪ್ರದೇಶಕ್ಕೆಂದು ತುಂಬಿದ ಬ್ಯಾಟರಿಯಲ್ಲಿ ಸ್ವಲ್ಪ ಕಡಿಮೆಯೇ ಇಟ್ಟಿರುತ್ತಾರೆ. ಇಲ್ಲಿ ಮುಖ್ಯವಾದದ್ದು ಆರೂ ಸೆಲ್‌ಗಳ ಸಮತೆ. ಐದು ಸೆಲ್ 1.240 ತೋರಿಸಿ ಒಂದು ಮಾತ್ರ 1.150 ತೋರಿಸಿದರೆ ಆ ಸೆಲ್ ಕೆಟ್ಟಿದೆ, ಎಷ್ಟು ಚಾರ್ಜ್ ಮಾಡಿಸಿದರೂ ಪ್ರಯೋಜನವಿಲ್ಲ. ಆರೂ ಸಮನಾಗಿ 1.150 ಇದ್ದರೆ ಬ್ಯಾಟರಿ ಕೆಟ್ಟಿಲ್ಲ, ಹಸಿದಿದೆ; ಚಾರ್ಜ್ ಮಾಡಿಸಿ ಡೈನಮೊ ಪರೀಕ್ಷಿಸಬೇಕು. ಹೊಸ ಬ್ಯಾಟರಿ ತರುವ ಮೊದಲು ಈ ಐದು ನಿಮಿಷದ ಕೆಲಸ ಮಾಡದವರೇ ಹೆಚ್ಚು.

ದ್ರಾವಣ ಕಡಿಮೆಯಾಗಿದ್ದರೆ ಪ್ಲೇಟು ಮುಳುಗುವಷ್ಟು ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಕೊಳವೆ ಬಾವಿಯ ನೀರಿನ ಲವಣಾಂಶ ಪ್ಲೇಟುಗಳನ್ನು ಹಾಳು ಮಾಡುತ್ತದೆ. ಆಸಿಡ್ ಹಾಕುವುದೂ ತಪ್ಪು. ಆವಿಯಾಗಿ ಹೋಗುವುದು ನೀರೇ ಹೊರತು ಆಸಿಡ್ ಅಲ್ಲ. ತುದಿಗಳ ಮೇಲಿನ ಬಿಳಿ, ಹಸಿರು ಕಿಲುಬನ್ನು ಬಿಸಿನೀರಿಗೆ ಅಡುಗೆ ಸೋಡ ಬೆರೆಸಿ ತೊಳೆದು, ತುದಿಯನ್ನೂ ಹಿಡಿತದ ಒಳಮೈಯನ್ನೂ ಸೀಸದ ಹೊಳಪು ಕಾಣುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಬೇಕು. ಸೋಡ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳ ಭದ್ರವಾಗಿರಲಿ. ಬಿಚ್ಚುವಾಗ ಅರ್ತ್ ಕೇಬಲನ್ನು ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಹಾಗೆ ಮಾಡಿದರೆ ಪಾನ ಜಾರಿ ಕಾರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಿ ಮುಖವನ್ನೇ ಸುಟ್ಟುಕೊಂಡವರಿದ್ದಾರೆ. ಟಾರ್ಚ್ ಹಿಡಿದು ನೋಡುವುದು, ಬೀಡಿಯನ್ನು ದೂರ ಇಟ್ಟು ಬರುವುದು.

ಕಣ್ಣಿಗೆ ಕಾಣದ ಸೋರಿಕೆ: ಕೇಬಲ್ ಮತ್ತು ಅರ್ತ್

ಬ್ಯಾಟರಿ ಒಳ್ಳೆಯದಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ದೋಷ ಹೆಚ್ಚಾಗಿ ಕೇಬಲ್ ಜೋಡಣೆಗಳಲ್ಲಿರುತ್ತದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಅಗತ್ಯ. ಸೆಲ್ಫ್ ಮೋಟಾರ್ ಇಂಜಿನನ್ನು ತಿರುಗಿಸುವಾಗ 200 ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ದಾರಿಯಲ್ಲಿ ಒಂದು ತುಕ್ಕು ಹಿಡಿದ ಬೋಲ್ಟಿನಿಂದಾಗಿ ಒಂದು ಓಮಿನ ನೂರರಲ್ಲಿ ಒಂದು ಪಾಲು ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಕಾಲುವೆಯಲ್ಲಿ ಒಂದು ಬಿರುಕಿದ್ದರೆ ತೆಳುವಾಗಿ ಹರಿಯುವ ನೀರು ಗದ್ದೆ ಮುಟ್ಟೀತು, ತುಂಬಿ ಬಿಟ್ಟಾಗ ಮಾತ್ರ ಬಿರುಕು ಬಾಯಿಬಿಡುವಂತೆ, ಸಣ್ಣ ಕರೆಂಟಿನಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ನೂರು ಎಳೆಯ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಟೆಸ್ಟ್ ಲ್ಯಾಂಪ್ ಝಗ್ಗನೆ ಉರಿಯುತ್ತದೆ. ಮೆಕ್ಯಾನಿಕ್ ಅದನ್ನು ನೋಡಿ ಕೇಬಲ್ ಸರಿಯಿದೆ ಎನ್ನುತ್ತಾನೆ.

ಇದಕ್ಕೆ ಮಾಡಬೇಕಾದ ಪರೀಕ್ಷೆ ಹೀಗೆ. ಇಂಜಿನ್ ಹೊತ್ತಿಕೊಳ್ಳದಂತೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ, ಅಂದರೆ ಮೆಕ್ಯಾನಿಕ್‌ಗಳು ಡೆಲ್ಕೊ ಎನ್ನುವ ಭಾಗಕ್ಕೆ, ಹೋಗುವ ಸಣ್ಣ ತಂತಿಯನ್ನು ಬಿಚ್ಚಿ ಬಟ್ಟೆ ಸುತ್ತಿಡಬೇಕು. ಮೀಟರನ್ನು ಡಿ.ಸಿ. ವೋಲ್ಟಿನ ಸಣ್ಣ ಶ್ರೇಣಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಯ ಸೀಸದ ಕಂಬದ ಮೇಲೆಯೇ, ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಬರಿಯ ಕಬ್ಬಿಣದ ಮೇಲೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿಯಲ್ಲಿ ದೋಷವಿದೆ. ಅದೇ ರೀತಿ ಇನ್ನೊಂದು ತುದಿಯಿಂದ ಸೆಲ್ಫ್‌ನ ದಪ್ಪ ಬೋಲ್ಟಿನವರೆಗೆ ಅಳೆದಾಗ 0.5 ವೋಲ್ಟ್ ಮೀರಬಾರದು. ಮೀರಿದರೆ ಕಡ್ಡಿಯನ್ನು ಒಂದೊಂದೇ ಜೋಡಣೆಗೆ ಸರಿಸುತ್ತ ಬರಬೇಕು. ಎಲ್ಲಿ ಅಂಕಿ ಒಮ್ಮೆಲೇ ಬದಲಾಗುತ್ತದೋ ಅಲ್ಲಿ ರೋಗವಿದೆ.

ಮಲೆನಾಡಿನ ತೋಟದ ಮನೆಯೊಂದರ ಉದಾಹರಣೆ ತೆಗೆದುಕೊಳ್ಳಬಹುದು. ಕಾರಿಗೆ ಎರಡು ವರ್ಷದಲ್ಲಿ ಎರಡು ಬ್ಯಾಟರಿ ಬದಲಾದವು, ಸೆಲ್ಫ್ ಮೋಟಾರನ್ನು ಒಮ್ಮೆ ಹೊಸದಾಗಿ ಸುತ್ತಿಸಿದ್ದೂ ಆಯಿತು. ಬೆಳಗಿನ ಚಳಿಗೆ ಕಾರು ಮಿಸುಕದು. ಒಂದು ದಿನ ಸೆಲ್ಫ್ ಹೊಡೆಯುತ್ತಿರುವಾಗ ಚೋಕ್ ಎಳೆಯಲು ಹೋದ ಮಗನ ಕೈ ಸುಟ್ಟಿತು. ಚೋಕ್ ಕೇಬಲ್ಲಿನಿಂದ ಹೊಗೆ! "ಅಪ್ಪಯ್ಯ, ಇದು ಬ್ಯಾಟರಿ ಅಲ್ಲ, ಕರೆಂಟ್ ದಾರಿ ತಪ್ಪಿದೆ" ಎಂದು ಹುಡುಗ ಹೇಳಿದ್ದು ಸರಿಯಾಗಿತ್ತು. ಇಂಜಿನ್ ರಬ್ಬರ್ ತುಂಡುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಕಾರಿನ ಮೈಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಈ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸಿದ ಯಾರೋ ಅದನ್ನು ಮರಳಿ ಹಾಕಿರಲಿಲ್ಲ. ನೂರಾರು ಆಂಪಿಯರ್ ಕರೆಂಟ್ ಚೋಕ್ ಮತ್ತು ಆಕ್ಸಿಲರೇಟರ್‌ಗಳ ಸಣ್ಣ ತಂತಿಗಳ ಮೂಲಕ ಮೈಗೆ ಮರಳುತ್ತಿತ್ತು. ಒಂದು ಅರ್ತ್ ಪಟ್ಟಿ ಹಾಕಿದ ಮೇಲೆ ಆ ಎರಡನೆಯ ಬ್ಯಾಟರಿಯಲ್ಲೇ ಕಾರು ಓಡಿತು. ಚೋಕ್ ಕೇಬಲ್ ಬಿಸಿಯಾಗುವುದು ಈ ದೋಷದ ನಂಬಬಹುದಾದ ಲಕ್ಷಣ. ಅಲ್ಲಿ ಬೆಂಕಿ ಹತ್ತಿದ್ದರೆ ಪಕ್ಕದಲ್ಲೇ ಕಾರ್ಬೊರೇಟರ್ ಇರುತ್ತದೆ ಎಂಬುದನ್ನು ಮರೆಯಬಾರದು.

ಸೆಲ್ಫ್ ಮತ್ತು ಸೊಲೆನಾಯ್ಡ್

ಸೊಲೆನಾಯ್ಡ್ ಕ್ಲಿಕ್ ಎಂದು ಸುಮ್ಮನಾದರೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅದರ ಎರಡು ದಪ್ಪ ಬೋಲ್ಟುಗಳನ್ನು ಹಿಡಿಗೆ ಪ್ಲಾಸ್ಟಿಕ್ ಇರುವ ದಪ್ಪ ಸ್ಕ್ರೂ ಡ್ರೈವರ್‌ನಿಂದ ಕ್ಷಣ ಕಾಲ ಜೋಡಿಸಬಹುದು. ಇಂಜಿನ್ ತಿರುಗಿದರೆ ಸೊಲೆನಾಯ್ಡ್ ಒಳಗಿನ ತಾಮ್ರ ಸುಟ್ಟಿದೆ. ಕೆಲವು ಹಳೆಯ ಸೊಲೆನಾಯ್ಡ್‌ಗಳಲ್ಲಿ ಕೈಯಿಂದಲೇ ಒತ್ತಲು ರಬ್ಬರ್ ಗುಂಡಿ ಇರುತ್ತದೆ. ಅದಿದ್ದರೆ ಸ್ಕ್ರೂ ಡ್ರೈವರ್ ಬೇಡ.

ಹಳೆಯ ಸೆಲ್ಫ್‌ಗಳಲ್ಲಿ ಹಲ್ಲಿನ ಚಕ್ರ ತಿರುಪಿನ ಮೇಲೆ ತಾನಾಗಿ ಜಾರಿ ಫ್ಲೈವೀಲಿಗೆ ಕಚ್ಚುತ್ತದೆ. ಇದು ಸಿಕ್ಕಿಕೊಂಡರೆ ದೀಪ ಕುಂದುತ್ತದೆ, ಇಂಜಿನ್ ಅಲುಗದು. ಇಗ್ನಿಷನ್ ಆಫ್ ಮಾಡಿ ಟಾಪ್ ಗೇರ್ ಹಾಕಿ ಕಾರನ್ನು ಹಿಂದೆ ಮುಂದೆ ಜೀಕಿದರೆ ಬಿಡಿಸಿಕೊಳ್ಳುತ್ತದೆ. ಕೆಲವದರ ಹಿಂತುದಿಯಲ್ಲಿ ಪಾನ ಕೂರುವ ಚೌಕದ ದಂಡ ಇರುತ್ತದೆ. ಅದನ್ನು ತಿರುಗಿಸಿದರೂ ಆದೀತು. ಬರಿದೇ ತಿರುಗುವ ಸೆಲ್ಫ್‌ನ ತಿರುಪಿನಲ್ಲಿ ಧೂಳು ಮತ್ತು ಎಣ್ಣೆ ಸೇರಿ ಅಂಟಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಗ್ರೀಸ್ ಹಚ್ಚಬಾರದು, ಅದು ಮತ್ತೆ ಧೂಳನ್ನೇ ಹಿಡಿಯುತ್ತದೆ.

ಇಂಥ ಹೊತ್ತಿನಲ್ಲಿ ಹ್ಯಾಂಡಲ್ ಹೊಡೆಯುವ ಸೌಕರ್ಯ ಈ ಕಾರಿನ ದೊಡ್ಡ ಗುಣ. ಆದರೆ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಮೇಲಿನಿಂದ ಕೆಳಕ್ಕೆ ಒತ್ತಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಹಳೆಯ ಚಾಲಕರಲ್ಲಿ ಸೊಟ್ಟಗಾದ ಮಣಿಕಟ್ಟು ಕಂಡರೆ ಕಾರಣ ಕೇಳಬೇಕಾಗಿಲ್ಲ.

ಸೆಲ್ಫ್ ತಿರುಗಿದರೂ ಇಂಜಿನ್ ಹೊತ್ತಿಕೊಳ್ಳದಿದ್ದರೆ

ಇಲ್ಲಿ ಮೊದಲು ಕಿಡಿ ಇದೆಯೇ ಎಂದು ನೋಡಬೇಕು. ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ತಂತಿಯನ್ನು ಎಳೆದು, ಒಣಗಿದ, ರಬ್ಬರ್ ಹಿಡಿಯುಳ್ಳ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣದಿಂದ 6 ಮಿ.ಮೀ. ದೂರದಲ್ಲಿಟ್ಟು ಸೆಲ್ಫ್ ಹೊಡೆಸಬೇಕು. ಟಿಕ್ ಟಿಕ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಸರಿಯಿವೆ. ತೆಳು ಹಳದಿ ಕಿಡಿ ಬಂದರೆ ದುರ್ಬಲ. ಈ ಪರೀಕ್ಷೆ ಮಾಡುವಾಗ ಕಾರ್ಬೊರೇಟರ್ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಇಗ್ನಿಷನ್ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ತ್‌ಗೂ ಇನ್ನೊಂದನ್ನು ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ತಿರುಪಿಗೂ ಹಿಡಿಯಬೇಕು. ಹಳೆಯ ಕಾಯಿಲ್‌ಗಳಲ್ಲಿ ಇದರ ಮೇಲೆ 'ಸಿ.ಬಿ.' ಎಂಬ ಅಕ್ಷರಗಳಿರುತ್ತವೆ. ಪಾಯಿಂಟ್ ತೆರೆದಾಗ ದೀಪ ಹತ್ತಬೇಕು, ಮುಚ್ಚಿದಾಗ ಆರಬೇಕು. ಹೀಗೆ ಹತ್ತಿ ಆರಿದರೆ ಕಾಯಿಲ್‌ವರೆಗೆ ಕರೆಂಟ್ ಬರುತ್ತಿದೆ, ಪಾಯಿಂಟೂ ಕೆಲಸ ಮಾಡುತ್ತಿದೆ. ಹತ್ತಿದ ದೀಪ ಆರದೇ ಇದ್ದರೆ ಪಾಯಿಂಟುಗಳ ನಡುವೆ ಎಣ್ಣೆ, ಕಿಟ್ಟ ಸೇರಿದೆ ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ಅರ್ತ್ ತಂತಿ ತುಂಡಾಗಿದೆ. ಮಳೆಗಾಲ ಪೂರ್ತಿ ನಿಂತಿದ್ದ ಕಾರುಗಳಲ್ಲಿ ಇದೇ ಹೆಚ್ಚು.

ಪಾಯಿಂಟ್ ತೆರೆದಿದ್ದರೂ ದೀಪ ಹತ್ತದಿದ್ದರೆ ಆ ತಿರುಪಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತಂತಿಯನ್ನು ಬಿಚ್ಚಿ ಮತ್ತೆ ನೋಡಬೇಕು. ಈಗ ದೀಪ ಹತ್ತಿತೆಂದರೆ ಕಾಯಿಲ್ ಸರಿಯಿದೆ. ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ನೇರವಾಗಿ ಅರ್ತ್ ಆಗುತ್ತಿದೆ. ಕಂಡೆನ್ಸರ್ ಒಳಗೇ ಶಾರ್ಟ್ ಆಗಿರಬಹುದು, ಅಥವಾ ಪಾಯಿಂಟ್ ಸ್ಪ್ರಿಂಗಿನ ಕೆಳಗಿನ ನಾರಿನ ಬಿಲ್ಲೆಯನ್ನು ತಪ್ಪಾಗಿ ಕೂರಿಸಿರಬಹುದು. ಪಾಯಿಂಟ್ ಬದಲಾಯಿಸಿದ ಮರುದಿನವೇ ನಿಂತ ಕಾರಿನಲ್ಲಿ ಈ ಬಿಲ್ಲೆಯನ್ನೇ ಮೊದಲು ನೋಡತಕ್ಕದ್ದು. ಬಿಚ್ಚಿದ ಮೇಲೂ ದೀಪ ಹತ್ತದಿದ್ದರೆ ಕಾಯಿಲ್‌ನ ಇನ್ನೊಂದು ತಿರುಪಿಗೆ ಹಿಡಿಯಬೇಕು. ಅಲ್ಲಿ ಹತ್ತಿದರೆ ಕಾಯಿಲ್ ಒಳಗೆ ತುಂಡಾಗಿದೆ. ಅಲ್ಲಿಯೂ ಇಲ್ಲವಾದರೆ ಕೀ ಸ್ವಿಚ್ಚು ಅಥವಾ ಅದರ ತಂತಿ. ಅಡಿಕೆ ಸಿಪ್ಪೆ, ಭತ್ತದ ಹುಲ್ಲಿನ ಪಕ್ಕದಲ್ಲಿ ನಿಲ್ಲಿಸಿದ ಕಾರಾದರೆ ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳ್ಳೆಯ 12 ವೋಲ್ಟ್ ಕಾಯಿಲ್‌ನ ಎರಡು ಸಣ್ಣ ತಿರುಪುಗಳ ನಡುವೆ ಮೀಟರಿನಲ್ಲಿ ಸುಮಾರು 3ರಿಂದ 3.5 ಓಮ್ ಬರುತ್ತದೆ. ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಮಾಡಿ ಹಾಗೆಯೇ ಬಿಟ್ಟು ಊಟಕ್ಕೆ ಹೋದರೆ ಕಾಯಿಲ್ ಕಾದು ಕೆಡುತ್ತದೆ.

ಪಾಯಿಂಟಿನ ಸಂದು 0.35ರಿಂದ 0.40 ಮಿ.ಮೀ. ಇರಬೇಕು. ಅದರ ಹಿಮ್ಮಡಿ ಕ್ಯಾಮಿನ ಎತ್ತರದ ತುದಿಯ ಮೇಲಿದ್ದಾಗಲೇ ಅಳೆಯಬೇಕು. ಹಿಮ್ಮಡಿ ಸವೆದಂತೆ ಸಂದು ತಾನಾಗಿ ಕಿರಿದಾಗುತ್ತ ಹೋಗುವುದರಿಂದ, ಕಾರು ದಿನದಿಂದ ದಿನಕ್ಕೆ ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರೆ ಇದನ್ನು ಅನುಮಾನಿಸಬೇಕು. ಪ್ಲಗ್ಗಿನ ಸಂದು 0.62 ಮಿ.ಮೀ.; ಕೈಗರಗಸದ ಬ್ಲೇಡಿನ ದಪ್ಪ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ಗೇಜ್ ಇಲ್ಲದಾಗ ಅದೂ ನಡೆದೀತು. ಕಂಡೆನ್ಸರ್ ಕೆಡುವ ಬಗೆ ಬೇರೆ. ಬೆಳಿಗ್ಗೆ ಸ್ಟಾರ್ಟ್ ಆದ ಕಾರು ಬಿಸಿಯಾದ ಮೇಲೆ ಕೆಮ್ಮುತ್ತದೆ, ನಿಲ್ಲುತ್ತದೆ, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಹೊರಡುತ್ತದೆ. ಪಾಯಿಂಟ್ ತೆಗೆದು ನೋಡಿದರೆ ನೀಲಿಗಟ್ಟಿ ಸುಟ್ಟಿರುತ್ತದೆ. ಕಾಯಿಲ್ ಕೆಟ್ಟಾಗಲೂ ಬಿಸಿಗೆ ನಿಲ್ಲುವುದುಂಟು. ಕಂಡೆನ್ಸರ್ ಅಗ್ಗವಾದ್ದರಿಂದ ಅದನ್ನು ಮೊದಲು ಬದಲಿಸಿ ನೋಡುವುದು ಜಾಣತನ.

ನಡುವಿನ ತಂತಿಯಲ್ಲಿ ಕಿಡಿ ಇದ್ದು ಪ್ಲಗ್ಗಿನ ತಂತಿಗಳಲ್ಲಿ ಇಲ್ಲದಿದ್ದರೆ ರೋಟರ್ ಅಥವಾ ಮುಚ್ಚಳ. ಮುಚ್ಚಳದ ಒಳಗಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಆಡುತ್ತಿರಬೇಕು. ಒಳಮೈಯಲ್ಲಿ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡರೆ ಕಿಡಿ ಅದೇ ದಾರಿಯಲ್ಲಿ ಸೋರುತ್ತಿದೆ, ಮುಚ್ಚಳ ಬದಲಿಸಲೇಬೇಕು. ಮಲೆನಾಡಿನ ಆಷಾಢದಲ್ಲಿ ಬರಿಯ ತೇವವೇ ಸಾಕು. ಮುಚ್ಚಳವನ್ನು ಒಣ ಬಟ್ಟೆಯಿಂದ ಒರೆಸಿ ಒಲೆಯ ಬಳಿ, ಬೆಂಕಿಗೆ ತೀರ ಹತ್ತಿರವಲ್ಲದಂತೆ, ಹತ್ತು ನಿಮಿಷ ಬೆಚ್ಚಗೆ ಮಾಡಿದರೆ ಕಾರು ಹೊರಡುತ್ತದೆ. ರೋಟರ್ ಪರೀಕ್ಷೆಗೆ, ನಡುವಿನ ತಂತಿಯ ತುದಿಯನ್ನು ರೋಟರಿನ ಲೋಹದ ಪಟ್ಟಿಯಿಂದ 3 ಮಿ.ಮೀ. ಮೇಲೆ ಹಿಡಿದು ಪಾಯಿಂಟನ್ನು ಒಣಕಡ್ಡಿಯಿಂದ ತೆರೆದು ಮುಚ್ಚಬೇಕು. ಕಿಡಿ ರೋಟರಿಗೆ ಹಾರಿದರೆ ರೋಟರ್ ಸೋರುತ್ತಿದೆ ಎಂದರ್ಥ; ಒಳ್ಳೆಯ ರೋಟರಿಗೆ ಕಿಡಿ ಹಾರುವುದಿಲ್ಲ. ಪ್ಲಗ್ ತಂತಿ ತೆಗೆಯುವ ಮೊದಲು ಗುರುತು ಹಾಕಿಕೊಳ್ಳುವುದು ಕ್ಷೇಮ. ಈ ಇಂಜಿನಿನ ಉರಿಯುವ ಕ್ರಮ 1-3-4-2.

ಇನ್ನೊಂದು ಲಕ್ಷಣವೂ ನೆನಪಿರಲಿ. ಸೆಲ್ಫ್ ಹೊಡೆಯುವಷ್ಟು ಹೊತ್ತೂ ಹೊತ್ತಿಕೊಳ್ಳದ ಇಂಜಿನ್, ಕೀ ಬಿಟ್ಟ ಕ್ಷಣದಲ್ಲಿ ಒಮ್ಮೆ ಹೊತ್ತಿಕೊಂಡರೆ, ಸೆಲ್ಫ್ ಎಲ್ಲ ವೋಲ್ಟನ್ನೂ ಎಳೆದುಕೊಂಡು ಕಾಯಿಲ್‌ಗೆ ಏನೂ ಉಳಿಸುತ್ತಿಲ್ಲ. ಆಗ ಮತ್ತೆ ಬ್ಯಾಟರಿ ಮತ್ತು ಕೇಬಲ್ಲಿಗೇ ಮರಳಬೇಕು.

ಕಿಡಿ ಸರಿಯಿದ್ದರೆ ಉಳಿದದ್ದು ಪೆಟ್ರೋಲ್. ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ಡಬ್ಬಿ ಹಿಡಿದು ನೋಡಿದರೆ ತಿಳಿಯುತ್ತದೆ. ಬಹುಕಾಲ ನಿಂತ ಕಾರಿನ ಪೆಟ್ರೋಲ್ ಕೆಟ್ಟಿರುತ್ತದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದಂದಿನಿಂದ ಈ ವಿಷಯಕ್ಕೆ ಹೆಚ್ಚು ಗಮನ ಬೇಕಾಗಿದೆ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸಿ ಒಡೆಯುತ್ತದೆ. ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸುವುದು ಒಳಿತು.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ

ಡೈನಮೊ ಇರುವ ಕಾರಿನಲ್ಲಿ ಇಂಜಿನ್ ನಿಧಾನವಾಗಿ ಓಡುವಾಗ ಚಾರ್ಜ್ ಆಗುವುದಿಲ್ಲ. ಇದು ದೋಷವಲ್ಲ, ಅದರ ಸ್ವಭಾವ. ವೇಗ ಹೆಚ್ಚಿಸಿದಾಗ ಕೆಂಪು ದೀಪ ಆರಬೇಕು. ಆರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ನೋಡಬೇಕು; ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲ ಜಗ್ಗಿದರೆ ಸರಿ. ಆಮೇಲೆ ಡೈನಮೊದ ಎರಡು ತಂತಿಗಳನ್ನೂ ಬಿಚ್ಚಿ, 'ಡಿ' ಮತ್ತು 'ಎಫ್' ತಿರುಪುಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ, ಅಲ್ಲಿಂದ ಅರ್ತ್‌ಗೆ ಮೀಟರ್ ಹಿಡಿದು ಇಂಜಿನ್ನಿನ ವೇಗವನ್ನು ಮೆಲ್ಲಗೆ ಏರಿಸಬೇಕು. ವೋಲ್ಟ್ ಸರಾಗವಾಗಿ ಏರುತ್ತ ಹೋದರೆ ಡೈನಮೊ ಸರಿಯಿದೆ, ದೋಷ ಕಟೌಟ್ ಪೆಟ್ಟಿಗೆಯಲ್ಲಿ ಅಥವಾ ತಂತಿಗಳಲ್ಲಿದೆ. 20 ವೋಲ್ಟ್ ಮುಟ್ಟುವ ಮೊದಲೇ ನಿಲ್ಲಿಸಬೇಕು. ಒಂದು ವೋಲ್ಟಿನೊಳಗೇ ನಿಂತರೆ ಫೀಲ್ಡ್ ಸುರುಳಿ, ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರ್, ಏನೂ ಬಾರದಿದ್ದರೆ ಕಾರ್ಬನ್ ಬ್ರಷ್ ಎಂದು ಅಂದಾಜಿಸಬಹುದು. ಆಲ್ಟರ್ನೇಟರ್ ಹಾಕಿಸಿಕೊಂಡ ಕಾರಿಗೆ ಈ ಪರೀಕ್ಷೆ ಸಲ್ಲದು, ಅದು ಸುಟ್ಟುಹೋಗುತ್ತದೆ. ಅದರಲ್ಲಿ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇದೆಯೇ ಎಂದಷ್ಟೇ ನೋಡಬೇಕು. ಓಡುವಾಗ ಬ್ಯಾಟರಿ ಕೇಬಲ್ ತೆಗೆದು ಪರೀಕ್ಷಿಸುವ ಹಳೆಯ ಅಭ್ಯಾಸವೂ ಆಲ್ಟರ್ನೇಟರಿಗೆ ಮಾರಕ.

ಎಷ್ಟೋ ಕಡೆ ಡೈನಮೊ ತಪ್ಪೇ ಇರುವುದಿಲ್ಲ, ಲೆಕ್ಕ ತಪ್ಪಿರುತ್ತದೆ. ಹಳೆಯ ಡೈನಮೊ ಕೊಡುವುದು 20 ಆಂಪಿಯರ್ ಆಸುಪಾಸು. ಕಾಡುಹಂದಿ ಕಾಣಲೆಂದು 100 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬ್ ಹಾಕಿಸಿದರೆ ಅವೇ 16 ಆಂಪಿಯರ್ ಮೀರಿ ತಿನ್ನುತ್ತವೆ, ಕಾಯಿಲ್‌ಗೆ ಮೂರು ನಾಲ್ಕು ಬೇಕು. ಬ್ಯಾಟರಿಗೆ ಉಳಿಯುವುದೇನು?

ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಗಾಗುವುದರಲ್ಲಿ ಇಳಿದರೆ, ಎಲ್ಲ ಸ್ವಿಚ್ ಆಫ್ ಮಾಡಿ, ಬಾಗಿಲು ಮುಚ್ಚಿ, ಅರ್ತ್ ಅಲ್ಲದ ಕೇಬಲನ್ನು ಬಿಚ್ಚಿ, ಅದಕ್ಕೂ ಬ್ಯಾಟರಿ ತುದಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ದೀಪ ಮಿಣುಕಿದರೂ ಎಲ್ಲೋ ಸೋರಿಕೆಯಿದೆ. ಆಮೇಲೆ ಹಾಕಿಸಿದ ಟೇಪ್‌ರೆಕಾರ್ಡರ್, ಮೊಬೈಲ್ ಚಾರ್ಜರ್, ಡಿಕ್ಕಿಯ ದೀಪ, ಒಂದೊಂದಾಗಿ ಬಿಚ್ಚುತ್ತ ಬಂದರೆ ದೀಪ ಆರಿದ ಜಾಗದಲ್ಲಿ ಕಳ್ಳ ಸಿಗುತ್ತಾನೆ. ನಿಂತ ಕಾರಿನ ಡೈನಮೊ ಮುಟ್ಟಿದರೆ ಬಿಸಿ ಇದ್ದರೆ ಕಟೌಟ್ ಅಂಟಿಕೊಂಡಿದೆ. ಕೂಡಲೇ ಬ್ಯಾಟರಿ ಬಿಚ್ಚಬೇಕು.

ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ರೂಢಿ ಬಿಡಬೇಕು. ಈ ಕಾಲದ ಕಾರುಗಳಲ್ಲಿ ಸೆಲ್ಫ್ ಮತ್ತು ಇಗ್ನಿಷನ್ ತಂತಿಗಳಿಗೆ ಮೊದಲೇ ಫ್ಯೂಸ್ ಇರುವುದಿಲ್ಲ. ಇದ್ದ ಒಂದೆರಡನ್ನೂ ಕೆಡಿಸಿದರೆ ತಂತಿಯೇ ಫ್ಯೂಸ್ ಆಗಿ ಉರಿಯುತ್ತದೆ.

ಬೇರೆ ವಾಹನದ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಎರಡು ವಾಹನಗಳ ಮೈ ಒಂದಕ್ಕೊಂದು ತಾಗಬಾರದು, ಪ್ಲಸ್ಸಿಗೆ ಪ್ಲಸ್ಸನ್ನೇ ಜೋಡಿಸಬೇಕು. ಇಳಿದ ಬ್ಯಾಟರಿಯ ಅರ್ತ್ ಕಡೆಯ ತಂತಿಯನ್ನು ಎಲ್ಲಕ್ಕೂ ಕೊನೆಗೆ, ಬ್ಯಾಟರಿಯಿಂದ ದೂರದಲ್ಲಿ ಇಂಜಿನ್ನಿನ ಕಬ್ಬಿಣಕ್ಕೆ ಹಿಡಿಯಬೇಕು. ಧನ ಅರ್ತ್ ಇರುವ ಕಾರಿಗೆ ಟ್ರ್ಯಾಕ್ಟರಿನಿಂದ ಕರೆಂಟ್ ಕೊಡುವಾಗ ಮೈಗಳು ತಾಗಿದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಡಿಕ್ಕಿಯಲ್ಲಿ ಒಂದು ಜೊತೆ ಪಾಯಿಂಟ್, ಒಂದು ಕಂಡೆನ್ಸರ್, ಒಂದು ರೋಟರ್, ಒಂದು ಫ್ಯಾನ್ ಬೆಲ್ಟ್ ಇಟ್ಟಿರಬೇಕು. ಈಗ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳೆಲ್ಲ ಒಂದೇ ಗುಣಮಟ್ಟದವಲ್ಲ. ಹೊಸದನ್ನು ಕಾರಿಗೆ ಹಾಕಿ ಒಂದು ವಾರ ಓಡಿಸಿ ನೋಡಿ, ಬಿಚ್ಚಿದ ಹಳೆಯದು ಇನ್ನೂ ಕೆಲಸ ಮಾಡುವಂತಿದ್ದರೆ ಅದನ್ನೇ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡುವುದು ಹೆಚ್ಚು ಭರವಸೆಯದು.